ಗುರುವಾರದ ಮನೆ

ನವಲಗುಂದದ ಈ ಬಾಡಿಗೆ ಮನೆಯಲ್ಲಿ ನಾನು ಪ್ರತಿ ಗುರುವಾರ ಪುಂಡಿಪಲ್ಯ ಮಾಡುತ್ತೇನೆ. ಶಾಲೆ ಬಿಟ್ಟು ಬಂದವಳೇ ಸೊಪ್ಪು ಸೋಸಿ, ಜೋಳದ ನುಚ್ಚಿನ ಜೊತೆ ಬೇಯಲಿಟ್ಟು, ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಅದರ ಹುಳಿ ವಾಸನೆ ಮನೆ ತುಂಬುತ್ತದೆ. ಮೇಲಿಂದ ಬೆಳ್ಳುಳ್ಳಿ ಒಗ್ಗರಣೆ ಬಿತ್ತೆಂದರೆ ಪಕ್ಕದ ಮನೆಯ ಗಂಗಕ್ಕ ಕಿಟಕಿಯಿಂದಲೇ ಕೇಳುತ್ತಾರೆ.

"ಇವತ್ತೂ ಅದನ್ನ ಮಾಡೀರೇನ್ರಿ ಟೀಚರ? ಯಾವ ದೇವ್ರಿಗೆ ನಡ್ಕೊಂಡೀರಿ?"

"ದೇವ್ರಿಗಲ್ರಿ ಅಕ್ಕಾರ, ಹಟಕ್ಕ," ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಾರೆ.

ಕಳೆದ ಗುರುವಾರ ಒಗ್ಗರಣೆ ಸಿಡಿಯುವ ಹೊತ್ತಿಗೆ ಫೋನಿನಲ್ಲಿ ನಮ್ಮೂರಿನ ವಾಟ್ಸ್ಆ್ಯಪ್ ಗುಂಪು ಟಿಣ್ ಟಿಣ್ ಅನ್ನತೊಡಗಿತು. ಬೇಸಿಗೆಯ ಫುಟ್‌ಬಾಲಿಗೆ ಈ ಸಲ ಯಾರನ್ನು ತರುವುದು ಎಂಬ ಚರ್ಚೆ. ಒಬ್ಬ ಬರೆದಿದ್ದ: "ಯಾರನ್ನರ ತರ್ರಿ, ಆ ಮಿಶ್ರಿಕೋಟಿ ಫಕೀರೇಶನಂಥವನ್ನ ತರಬ್ಯಾಡ್ರಿ. ನಮ್ಮೂರಿಗೆ ಬಂದವರೊಳಗ ಅಗದಿ ಸುಳ್ಳ ಆದವ, ಕೆಲಸಕ್ಕ ಬಾರದವ ಅಂದ್ರ ಅವನ." ಅದಕ್ಕೆ ಹದಿನಾಲ್ಕು ಹೆಬ್ಬೆರಳು ಬಿದ್ದಿದ್ದವು. ಸೌಟು ಹಿಡಿದ ಕೈಯಲ್ಲೇ ಉತ್ತರ ಟೈಪು ಮಾಡಿದೆ. ಉದ್ದವಾಯಿತು, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಗುಂಪಿನ ನಾಲ್ಕು ಸಾಲಿನಲ್ಲಿ ಹೇಳುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ, ಯಾರು ಬೇಕಾದರೂ ಓದಲಿ.

ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿಯಿಂದ ಇನ್ನೂ ಒಳಗೆ. ಸುತ್ತ ಎಲ್ಲಿ ನೋಡಿದರೂ ಕಪ್ಪು ಎರೆ ಭೂಮಿ. ಹುಬ್ಬಳ್ಳಿಗೆ ರೈಲ್ವೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಅಜ್ಜಂದಿರು ಯಾವ ಕಾಲದಲ್ಲೋ ಒಂದು ಚೆಂಡು ತಂದರಂತೆ. ಅಂದಿನಿಂದ ನಮ್ಮ ಸುತ್ತಿನ ಎಂಟು ಊರಿಗೆ ಫುಟ್‌ಬಾಲಿನ ಹುಚ್ಚು. ಮಳೆಗಾಲದಲ್ಲಿ ಎರೆಗೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಆದ್ದರಿಂದ ನಮ್ಮ ಆಟ ಬೇಸಿಗೆಯದು. ಶಿವರಾತ್ರಿ ಮುಗಿದ ಮೇಲೆ, ಕಡಲೆ ಕಿತ್ತ ಹೊಲವೊಂದನ್ನು ಹದ ಮಾಡಿ, ರವಿವಾರಕ್ಕೊಂದರಂತೆ ಎಲ್ಲ ಊರುಗಳ ಜೊತೆ ಪಂದ್ಯ. ಏಳು ರವಿವಾರ ಆಡಿ ಮೇಲೆ ಬಂದ ಎರಡು ಊರಿಗೆ ಎಂಟನೆಯ ರವಿವಾರ ಫೈನಲ್. ಬಿಸಿಲಿಗೆ ಎರೆ ಬಿರಿಯುತ್ತದೆ, ಕೈ ಇಳಿಯುವಷ್ಟು ದೊಡ್ಡ ಬಿರುಕು. ಅದಕ್ಕೆ ಪ್ರತಿ ಶನಿವಾರ ಊರವರೆಲ್ಲ ಸೇರಿ ಬಿರುಕಿಗೆ ಜೋಳದ ಹೊಟ್ಟು ತುಂಬಿ, ಮೇಲೆ ಮಣ್ಣೆಳೆದು, ನೀರು ಚಿಮುಕಿಸುತ್ತೇವೆ. ಇನ್ನೊಂದು ಶನಿವಾರದ ಹೊತ್ತಿಗೆ ಬಾಜುವಿನಲ್ಲೇ ಹೊಸದು ಬಾಯಿ ಬಿಟ್ಟಿರುತ್ತದೆ.

ಪ್ರತಿ ಊರೂ ಹೊರಗಿನ ಒಬ್ಬ ಆಟಗಾರನನ್ನು ತರಬಹುದು. ಆದರೆ ಅದಕ್ಕೊಂದು ಕಟ್ಟಳೆ ಉಂಟು. ಅವನು ಆಟ ಮುಗಿಯುವವರೆಗೆ ಊರಲ್ಲೇ ಇರಬೇಕು, ಊರಿನ ಏಳು ಮನೆಯಲ್ಲಿ ವಾರಾನ್ನ ಉಣ್ಣಬೇಕು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ. ಏಳು ಮನೆಯ ಅನ್ನ ಉಂಡವನು ಊರಿನವನಾದ ಎಂಬ ಲೆಕ್ಕ. ಒಂದು ದಿನ ಖಾಲಿ ಬಿದ್ದರೂ ಅವನು ಹೊರಗಿನವನೇ, ಆಡುವಂತಿಲ್ಲ. ಫೈನಲ್ ದಿನ ಆಟಕ್ಕೆ ಮೊದಲು ಏಳು ಮನೆಗಳ ಹೆಸರನ್ನು ಎದುರಿನ ಊರಿನವರಿಗೆ ಕೇಳುವಂತೆ ಓದುತ್ತಾರೆ. ಉಣಬಡಿಸಿದ ಹೆಂಗಸರು ಮುಂದೆ ಬಂದು ಗೆರೆಯ ಬದಿಗೆ ಹಾಸಿದ ಜಮಖಾನೆಯ ಮೇಲೆ ಕೂರುತ್ತಾರೆ. ಇಡೀ ಬೇಸಿಗೆಯಲ್ಲಿ ಹೆಂಗಸರು ಎಲ್ಲರಿಗಿಂತ ಮುಂದೆ ಕೂರುವುದು ಅದೊಂದೇ ದಿನ. ರವಿವಾರದ ಮನೆಗೆ ಮಾನ ಹೆಚ್ಚು, ಯಾಕೆಂದರೆ ಪಂದ್ಯದ ದಿನ ಉಂಡು ಹೊರಡುವುದು ಆ ಮನೆಯಿಂದ. ನಮ್ಮೂರಲ್ಲಿ ರವಿವಾರ ಯಾವತ್ತೂ ಈರಣ್ಣ ಕಾಕಾನ ಮನೆಯದು. ಕಿರಾಣಿ ಅಂಗಡಿಯ ಈರಣ್ಣ ಕಾಕಾ ತಂಡದ ಹಿರಿಯರು. ಕೆಟ್ಟ ಮನುಷ್ಯ ಅಲ್ಲ, ಯಾರಿಗೂ ಬೇಜಾರಾಗಬಾರದು ಎಂದು ನೋಡಿಕೊಳ್ಳುವವರು. ಆದರೆ ಎಲ್ಲರನ್ನೂ ಖುಷಿಯಾಗಿಡಲು ಹೊರಟವರು ಯಾರಾದರೊಬ್ಬರಿಗೆ ಸುಮ್ಮನಿರು ಅನ್ನಲೇಬೇಕಾಗುತ್ತದೆ. ನಮ್ಮೂರಲ್ಲಿ ಆ ಒಬ್ಬರು ನಾವು.

ನಮ್ಮ ಓಣಿ ಊರಿನ ಕೊನೆಯದು. ಅಜ್ಜನ ಕಾಲಕ್ಕೇ ಬೌದ್ಧರಾದ ಮನೆತನ ನಮ್ಮದು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅಣ್ಣ ಸಿದ್ದುವಿನ ಕಪ್‌ಗಳು. ಅಣ್ಣ ತಂಡದ ಗೋಲ್‌ಕೀಪರ್. ಅವನಂಥ ಗೋಲ್‌ಕೀಪರ್ ಎಂಟೂರಲ್ಲಿ ಇಲ್ಲ ಎಂದು ಎಂಟೂರೂ ಒಪ್ಪುತ್ತವೆ. ಆದರೂ ನಮ್ಮ ಮನೆಯಲ್ಲಿ ನೀರು ಕುಡಿಯದವರು ಊರಲ್ಲಿ ಇನ್ನೂ ಇದ್ದಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಈಗ ಕುಡದ ಬಂದೆ" ಅನ್ನುತ್ತಾರೆ. ಚೆಂಡು ಹಿಡಿಯಲು ನಮ್ಮಣ್ಣನ ಕೈ ಬೇಕು, ರೊಟ್ಟಿ ಬಡಿಯಲು ನಮ್ಮವ್ವನ ಕೈ ಬೇಡ. ಇಷ್ಟನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ನಾನು ಬಿ.ಎಡ್ ಮುಗಿಸಿ ನೇಮಕಾತಿಗೆ ಕಾಯುತ್ತ ಮನೆಯಲ್ಲಿ ಕೂತಿದ್ದ ವರ್ಷ ಅದು. ಹಿಂದಿನ ಬೇಸಿಗೆಯಲ್ಲಿ ನಮ್ಮೂರು ಇಡೀ ಪಂದ್ಯಾವಳಿಯಲ್ಲಿ ಗೋಲು ಹೊಡೆದದ್ದು ಒಂದೇ ಒಂದು. ಮುಂದೆ ನಿಂತು ಗೋಲು ಹೊಡೆಯುವವನು ಬೇಕು ಎಂದು ಎಲ್ಲರ ಬಾಯಲ್ಲಿ. ಆ ಮಳೆಗಾಲದಲ್ಲಿ ಅಣ್ಣ ಯಾವುದೋ ಕೆಲಸಕ್ಕೆ ಕಲಘಟಗಿ ಕಡೆ ಹೋದವನು ಮಿಶ್ರಿಕೋಟಿಯಲ್ಲಿ ಒಬ್ಬ ಹುಡುಗ ಆಡುವುದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದ. ಹತ್ತೊಂಬತ್ತರ ವಯಸ್ಸು, ಹೆಸರು ಫಕೀರೇಶ. ಸುರಿಯುವ ಮಳೆಯಲ್ಲಿ, ಭತ್ತದ ಗದ್ದೆಯ ಬದಿಯ ಹುಲ್ಲು ನೆಲದಲ್ಲಿ ಮೂವರನ್ನು ದಾಟಿ ಚೆಂಡು ಒಳಗೆ ಹಾಕಿದ್ದ. ಆ ವಿಡಿಯೋವನ್ನು ನಮ್ಮೂರು ಆರು ತಿಂಗಳು ನೋಡಿತು. ಕಟಿಂಗ್ ಅಂಗಡಿಯಲ್ಲಿ, ಗಿರಣಿಯಲ್ಲಿ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಅದೇ. "ಈ ಸಲ ಕಪ್ ನಮ್ದ," ಎಂದು ಟ್ರ್ಯಾಕ್ಟರಿನ ಮಲ್ಲಪ್ಪ ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ತಿರುಗಿದರು.

ಫಕೀರೇಶನ ಮನೆಯವರು ಒಪ್ಪಿದರು. ಶಿವರಾತ್ರಿಯ ಹೊತ್ತಿಗೆ ಅವನು ಒಂದು ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಳಿದಾಗ ಹಲಗಿ ಬಡಿದು ಕರೆತಂದರು. ಇರಲು ಕಾಕಾನ ಅಂಗಡಿಯ ಹಿಂದಿನ ಕೋಣೆ. ಸಂಜೆ ಅಂಗಡಿಯ ಕಟ್ಟೆಯ ಮೇಲೆ, ಯಾವ ದಿನ ಯಾರ ಮನೆ ಎಂದು ವಾರ ಹಚ್ಚಲು ಕೂತರು. ಅಣ್ಣ ಹೇಳಿದ, "ಕಾಕಾ, ನಮ್ಮ ಮನೀಗೂ ಒಂದ್ ದಿನಾ ಹಚ್ರಿ. ಅವ್ವ ಹೇಳ್ಯಾಳ."

"ಏಳೂ ತುಂಬ್ಯಾವ್ ತಮ್ಮಾ. ಮುಂದಿನ ವರ್ಷ ನೋಡೂಣು."

ಕಾಕಾನ ಕೈಯಲ್ಲಿದ್ದ ಚೀಟಿಯಲ್ಲಿ ಆಗ ಐದೇ ಹೆಸರಿದ್ದವು. ಅಣ್ಣ ಅದನ್ನು ನೋಡಿದ. ಮನೆಗೆ ಬಂದು ಊಟ ಮಾಡುವಾಗ ಸಾರಿನಲ್ಲಿ ಕೈಯಾಡಿಸುತ್ತ ಹೇಳಿದ. ನನಗೆ ತಡೆಯಲಿಲ್ಲ. "ಹಂಗಾರ ನೀ ಯಾಕ ಅವರ ಗೋಲು ಕಾಯಬೇಕು, ಬಿಡು" ಎಂದೆ. "ಗೋಲು ಅವರದಲ್ಲ, ನಂದು" ಎಂದ ಅಣ್ಣ. ಚೀಟಿಯನ್ನು ಕಾಕಾ ಅಂಗಡಿಯ ಬಾಗಿಲ ಒಳಮೈಗೆ ಅಂಟಿಸಿದರು. ಗುರುವಾರದ ಮುಂದೆ ಮಲ್ಲಪ್ಪನ ಮನೆ ಎಂದಿತ್ತು.

ಮೊದಲ ರವಿವಾರ ಹೊಲದ ಸುತ್ತ ಕಾಲಿಡಲು ಜಾಗ ಇರಲಿಲ್ಲ. ಆ ವರ್ಷದ ಎಲ್ಲ ಪಂದ್ಯಗಳೂ ನಮ್ಮೂರ ಹೊಲದಲ್ಲೇ. ಹತ್ತನೆಯ ನಿಮಿಷಕ್ಕೆ ಫಕೀರೇಶನ ಕಾಲಿಗೆ ಚೆಂಡು ಬಂತು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹುಡುಗ ಓಡಿದ, ಕಾಲು ಬಿರುಕಿಗೆ ಸಿಕ್ಕಿ ಮುಗ್ಗರಿಸಿದ, ಚೆಂಡು ತಾನೇ ಉರುಳಿಕೊಂಡು ಹೊರಗೆ ಹೋಯಿತು. ಜನ ನಕ್ಕರು, ಪ್ರೀತಿಯಿಂದಲೇ. ಎರಡನೆಯ ರವಿವಾರ ಒಣಗಿದ ಮಣ್ಣಿನ ಹೆಂಟೆಗೆ ಬಡಿದು ಚೆಂಡು ಅವನ ಹೆಗಲ ಮೇಲೆ ಹಾರಿತು. ಆಗಿನ ನಗೆಯಲ್ಲಿ ಪ್ರೀತಿ ಕಡಿಮೆ ಇತ್ತು. ಮೂರನೆಯ ರವಿವಾರ ಅವನು ಚೆಂಡು ಕೇಳುವುದನ್ನೇ ಬಿಟ್ಟಿದ್ದ. ಒಂದು ಸೋಲು, ಎರಡು ಡ್ರಾ. ಆ ಡ್ರಾ ಕೂಡ ಅಣ್ಣನ ಕೈ ಇದ್ದದ್ದರಿಂದ ಆದದ್ದು.

ಸಂಶಯ ಮೊದಲು ಕಂಡದ್ದು ತಾಟಿನಲ್ಲಿ. ಮೊದಲ ವಾರ ಹೋಳಿಗೆ, ತುಪ್ಪ, ಎಣ್ಣೆಗಾಯಿ. ಎರಡನೆಯ ವಾರ ರೊಟ್ಟಿ, ಪಲ್ಯ. ಮೂರನೆಯ ವಾರ ಒಂದು ಮನೆಯಲ್ಲಿ ಚಿತ್ರಾನ್ನ ಕಟ್ಟಿ ಕೋಣೆಗೇ ಕಳಿಸಿಬಿಟ್ಟರಂತೆ. ಮೂರನೆಯ ಪಂದ್ಯದ ಮರುದಿನ ಮಲ್ಲಪ್ಪ ಕಾಕಾನ ಅಂಗಡಿಗೆ ಬಂದು, "ಗುರುವಾರ ನಮ್ಮ ಮನ್ಯಾಗ ಅನುಕೂಲ ಇಲ್ಲೋ ಈರಣ್ಣ. ಗೋಲು ಹೊಡಿಯಾಕ ಬಾರದವಗ ಯಾಕ ಉಣಸಬೇಕು, ಕಳಸಿಬಿಡ್ರಿ" ಎಂದರು. ನಾನು ಅಲ್ಲೇ ಶೇಂಗಾ ತರಲು ನಿಂತಿದ್ದೆ. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಹುಡುಗ ಕೇಳಿಸಿಕೊಂಡಿರಲೇಬೇಕು.

ಕಾಕಾ ಬುಧವಾರದವರೆಗೆ ಮನೆಮನೆ ಕೇಳಿದರು. ಯಾರೂ ಗುರುವಾರ ಒಪ್ಪಲಿಲ್ಲ. ಗುರುವಾರ ಖಾಲಿಯಾದರೆ ಫಕೀರೇಶ ಬಸ್ಸು ಹತ್ತಬೇಕು. ಬುಧವಾರ ಸಂಜೆ ಅವ್ವ ಹೊಲದಿಂದ ಬಂದವಳು ಕುಡಗೋಲನ್ನೂ ಕೆಳಗಿಡದೆ ನೇರ ಅಂಗಡಿಗೆ ನಡೆದಳು. ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು.

"ಈರಣ್ಣಾರ, ನಾಳಿ ಹುಡುಗನ್ನ ನಮ್ಮ ಮನೀಗೆ ಕಳಸ್ರಿ."

"ಅಲ್ಲ ಶಾಂತವ್ವ, ಹುಡುಗ ಏನಂತಾನೋ..."

"ಹುಡುಗನ್ನ ಕೇಳ್ರಿ. ನೀವ್ ಏನಂತೀರಿ ಅನ್ನೂದು ನನಗ ಗೊತ್ತೈತಿ."

ಬೇಡ ಅನ್ನಲು ಕಟ್ಟೆಯವರ ಹತ್ತಿರ ಇನ್ನೊಂದು ಮನೆ ಇರಲಿಲ್ಲ. ಹಾಗೆ ಗುರುವಾರ ನಮ್ಮದಾಯಿತು. ಯಾರಿಗೂ ಬೇಡವಾಗಿ ಉಳಿದದ್ದು ನಮಗೆ ಬಂತು ಎಂದು ನನಗೆ ಉರಿಯುತ್ತಿತ್ತು. ಅವ್ವನಿಗೆ ಹಾಗನಿಸಲಿಲ್ಲ. ಅವಳು ಅವತ್ತೇ ಹಿತ್ತಲಿನ ಪುಂಡಿ ಸೊಪ್ಪು ಕೊಯ್ದಿಟ್ಟಳು.

ಗುರುವಾರ ಮಧ್ಯಾಹ್ನ ಫಕೀರೇಶ ಬಂದ. ಬಂದವನು ಹೊಸ್ತಿಲ ಹೊರಗೇ ನಿಂತ. ಒಂದು ಕಾಲು ಎತ್ತಿದ, ಮತ್ತೆ ಇಳಿಸಿದ. ನನಗೆ ಆ ನಿಲ್ಲುವಿಕೆ ಚಿಕ್ಕಂದಿನಿಂದ ಗೊತ್ತು.

"ಒಳಗ ಬರಾಕ ಆಗದಿದ್ರ ಹೇಳಿಬಿಡಪಾ, ಕಟ್ಟಿ ಕೊಡ್ತೀವಿ. ನಮ್ಮ ಮನ್ಯಾಗ ಮಾಡಿದ ಅಡಗಿ ಅಂತ ಯಾರಿಗೂ ಹೇಳಬ್ಯಾಡ" ಎಂದೆ. ದನಿ ಚೂಪಾಗಿಯೇ ಇತ್ತು.

ಅವನು ಗಾಬರಿಯಾದ. "ಹಂಗಲ್ರಿ ಅಕ್ಕಾರ. ಕಾಲಾಗ ರಕ್ತ ಬರಾಕತ್ತೈತ್ರಿ. ನೆಲಾ ಹೊಲಸ ಆಕ್ಕೈತಿ ಅಂತ ನಿಂತೀನ್ರಿ."

ನೋಡಿದರೆ ಹಿಮ್ಮಡಿಯಿಂದ ಬೆರಳಿನವರೆಗೆ ಸೀಳು. ಬೊಬ್ಬೆ ಎದ್ದು ಒಡೆದಿದ್ದವು. ನಾಚಿಕೆಯಾಯಿತು ನನಗೆ, ಹೇಳಿಕೊಳ್ಳಲು ಅಡ್ಡಿಯಿಲ್ಲ. ಅವ್ವ ಒಂದು ಬೋಗುಣಿಯಲ್ಲಿ ಬಿಸಿನೀರು ತಂದು, ಅರಿಸಿನ ಕಲಸಿ ಅವನ ಪಾದಕ್ಕೆ ಹಚ್ಚಿದಳು. ಅವನು ನಾಲ್ಕು ರೊಟ್ಟಿ ತಿಂದ. ತಿನ್ನುವಾಗ ಅವ್ವ ಅವನನ್ನೇ ನೋಡುತ್ತಿದ್ದಳು. ಉಂಡು ಅಂಗಳ ದಾಟಿ ಹೋಗುವಾಗಲೂ ನೋಡಿದಳು.

"ಸಿದ್ದೂ, ಈ ಹುಡುಗ ನೆಲಾ ನೋಡ್ಕೋತ ನಡೀತಾನ. ಆಡೂವಾಗೂ ನೆಲಾನ ನೋಡ್ತಾನ, ಚಂಡು ಯಾವಾಗ ನೋಡಬೇಕು?"

ನಮ್ಮೂರು ಮಾಡಿದ ತಪ್ಪು ಅದು. ಎರೆಯಲ್ಲಿ ಹುಟ್ಟಿದ ನಮಗೆ ಬಿರುಕು ಎಲ್ಲಿದೆ ಎಂದು ನೋಡಬೇಕಿಲ್ಲ, ಕಾಲು ತಾನೇ ದಾಟುತ್ತದೆ. ಹೊಟ್ಟು ತುಂಬಿದ ಜಾಗ ಮೆತ್ತಗೆ ಕುಸಿಯುತ್ತದೆ, ಅದೂ ಕಾಲಿಗೆ ಗೊತ್ತು. ಮಿಶ್ರಿಕೋಟಿಯ ಹುಡುಗ ಮಳೆಯಲ್ಲಿ, ಹುಲ್ಲಿನ ಮೇಲೆ ಆಡಿ ಬೆಳೆದವನು. ಅವನನ್ನು ಮಳೆಗಾಲದಲ್ಲಿ ನೋಡಿ ಮೆಚ್ಚಿ, ಬೇಸಿಗೆಯ ಎರೆಯಲ್ಲಿ ನಿಲ್ಲಿಸಿ, ಆಡು ಅಂದೆವು. ನೆಲ ಎಂದರೆ ಎಲ್ಲರಿಗೂ ಒಂದೇ ನೆಲ ಅಂದುಕೊಂಡಿದ್ದೆವು. ಇದು ಹೊಳೆದದ್ದು ಮೂವತ್ತು ವರ್ಷ ಅದೇ ನೆಲದಲ್ಲಿ ಬಗ್ಗಿ ಕೂಲಿ ಮಾಡಿದವಳಿಗೆ.

ಅವತ್ತೇ ಸಂಜೆ ಅವ್ವ ಅವನಿಗೆ ಹೇಳಿದಳು, "ನಾಳಿಂದ ಮುಂಜಾನೆ ನನ್ ಕೂಡ ಹೊಲಕ್ಕ ಬಾ. ಹತ್ತಿ ಕಟಗಿ ಕೀಳೂದು ನಡದೈತಿ. ಬರಿಗಾಲಿಲೆ ನಡಿ, ಕೆಳಗ ನೋಡಬ್ಯಾಡ."

ಅವನು ಬಂದ. ಹತ್ತು ಜನ ಹೆಂಗಸರ ಗುಂಪಿನಲ್ಲಿ ಒಬ್ಬನೇ ಗಂಡುಹುಡುಗ, ಬೆಳಗಿನಿಂದ ಬಿಸಿಲೇರುವವರೆಗೆ ಹತ್ತಿಯ ಒಣ ಗಿಡ ಕೀಳುತ್ತ, ಹೊರೆ ಹೊತ್ತು ಬಿರಿದ ನೆಲ ದಾಟುತ್ತ ನಡೆದ. ತಲೆಯ ಮೇಲೆ ಹೊರೆ ಇದ್ದರೆ ಕೆಳಗೆ ನೋಡಲು ಬರುವುದಿಲ್ಲ. ಅವ್ವ ಬೇಕೆಂದೇ ಹೊರಿಸುತ್ತಿದ್ದಳು. ಮೊದಲ ದಿನ ಏಳು ಸಲ ಬಿದ್ದನಂತೆ, ಹೆಂಗಸರೆಲ್ಲ ನಕ್ಕೂ ನಕ್ಕೂ ಸುಸ್ತಾದರಂತೆ.

ನಾಲ್ಕನೆಯ ರವಿವಾರವೂ ಗೋಲು ಬರಲಿಲ್ಲ, ಮತ್ತೊಂದು ಡ್ರಾ. ಅವತ್ತಿನಿಂದ ಬೈಗುಳ ಫಕೀರೇಶನನ್ನು ಬಿಟ್ಟು ನಮ್ಮ ಕಡೆ ತಿರುಗಿತು. ಚಹಾದಂಗಡಿಯಲ್ಲಿ ಒಬ್ಬ, "ಚಂಡಾಡಾಕ ಕರಕೊಂಡ ಬಂದ್ರ ಕಟಗಿ ಕೀಳಾಕತ್ತಾನ" ಎಂದ. ಇನ್ನೊಬ್ಬ, "ಮೊದಲ ಕಾಲು ಕೆಟ್ಟಿತ್ತು, ಈಗ ಹೊಟ್ಟಿನೂ ಕೆಡಿಸ್ಕೊಂಡ. ಎಲ್ಲಿ ಉಣ್ಣಾಕತ್ತಾನ ನೋಡು" ಎಂದ. ನಾನು ಹಾಲಿನ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದೆ. ತಿರುಗಿ ಹೋಗಬಹುದಿತ್ತು, ಹೋಗಲಿಲ್ಲ.

"ನಮ್ಮಣ್ಣ ಇಪ್ಪತ್ತಾರು ವರ್ಷದಿಂದ ಅದನ್ನ ಉಂಡಾನ. ನಾಕು ಪಂದ್ಯದಾಗ ಎಷ್ಟು ಚಂಡು ಹಿಡದಾನ ಎಣಿಸಿ ಹೇಳ್ರಿ" ಎಂದೆ.

ಅವನು ಬಸಿಗೆ ಚಹಾ ಸುರಿದುಕೊಂಡ. ಎಣಿಸಲಿಲ್ಲ. ನಾನು ದಡಬಡ ನಡೆದು ಮನೆಗೆ ಬರುವಷ್ಟರಲ್ಲಿ ಅರ್ಧ ಹಾಲು ಚೆಲ್ಲಿತ್ತು. ಅವ್ವ ಕೇಳಿದರೆ ಮುಗ್ಗರಿಸಿದೆ ಎಂದೆ.

ಐದನೆಯ ರವಿವಾರದ ಗೋಲನ್ನು ಯಾರೂ ಫೋನಿನಲ್ಲಿ ಹಿಡಿಯಲಿಲ್ಲ. ಅವನ ಮೇಲೆ ಫೋನು ಹಿಡಿಯುವುದನ್ನೇ ಬಿಟ್ಟಿದ್ದರು. ಚಂದದ ಗೋಲೂ ಅಲ್ಲ ಅದು. ಚೆಂಡು ಹೆಂಟೆಗೆ ಬಡಿದು ಅಡ್ಡ ಹಾರಿತು, ಎಲ್ಲರೂ ಹಾರಿದ ಮೇಲೆ ಅದರ ಹಿಂದೆ ಓಡಿದರು, ಫಕೀರೇಶ ಅದು ಬೀಳುವ ಜಾಗದಲ್ಲಿ ಮೊದಲೇ ನಿಂತಿದ್ದ. ಮೊಣಕಾಲಿಗೆ ತಗುಲಿ ಒಳಗೆ ಹೋಯಿತು. ಹುಡುಗ ಒಂದು ಸಲವೂ ನೆಲ ನೋಡಿರಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಹೆಂಗಸರ ಗುಂಪಿನ ಕೊನೆಯಲ್ಲಿ ನಿಂತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆರನೆಯ ರವಿವಾರ ಇನ್ನೊಂದು, ಏಳನೆಯ ರವಿವಾರ ಎರಡು. ಮೂರೂ ಗೆದ್ದು ನಮ್ಮೂರು ಫೈನಲ್ ತಲುಪಿತು. ಹಳೆಯ ವಿಡಿಯೋ ಮತ್ತೆ ಎಲ್ಲರ ಫೋನಿಗೆ ಬಂತು, ತಾಟಿಗೆ ಹೋಳಿಗೆ ಬಂತು, "ನಾ ಮೊದಲ ಹೇಳಿದ್ನಿ" ಎಂದು ಮಲ್ಲಪ್ಪ ಮತ್ತೆ ತಿರುಗಾಡತೊಡಗಿದರು.

ಫೈನಲ್‌ಗೆ ಮುಂಚಿನ ಗುರುವಾರ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಫಕೀರೇಶ ಆಗಷ್ಟೇ ತಾಟಿನ ಮುಂದೆ ಕೂತಿದ್ದ. ಈರಣ್ಣ ಕಾಕಾ ಅಂಗಳಕ್ಕೆ ಬಂದರು. ಅವರು ನಮ್ಮ ಅಂಗಳಕ್ಕೆ ಬಂದದ್ದು ನಾನು ಕಂಡಂತೆ ಅದೇ ಮೊದಲು.

"ಶಾಂತವ್ವ, ಒಂದ್ ಮಾತು. ಮಲ್ಲಪ್ಪನ ಮನ್ಯಾಗ ಈಗ ಅನುಕೂಲ ಆಗೇತಂತ. ಗುರುವಾರ ಅವರಿಗೆ ತಿರುಗಿ ಕೊಟ್ಟಬಿಡು. ಇವತ್ತ ಹೋಳಿಗಿ ಮಾಡಿಸ್ಯಾರ, ಹುಡುಗನ ದಾರಿ ಕಾಯಾಕತ್ತಾರ. ರವಿವಾರ ಚೀಟಿ ಓದೂದು ಐತಲ್ಲ, ಸುಮ್ನ ಯಾಕ ಗದ್ದಲ."

ಅಂದರೆ ಜಮಖಾನೆ. ಎಲ್ಲ ಊರಿನೆದುರು ಹೆಸರು ಕರೆಸಿಕೊಂಡು ಮುಂದೆ ಬಂದು ಕೂರುವವಳು ನಮ್ಮವ್ವ ಆಗಬಾರದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಕೇಳಿದಳು.

"ಈರಣ್ಣಾರ, ಹುಡುಗ ಯಾರಿಗೂ ಬ್ಯಾಡಾದಾಗ ಗುರುವಾರ ಯಾರ ಹಿಡದ್ರಿ?"

ಕಾಕಾ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು.

"ಹಂಗಾರ ಎಲ್ಲಾರಿಗೂ ಬೇಕಾದಾಗೂ ಅವರದ ಅದು."

ಫಕೀರೇಶ ತಲೆ ಎತ್ತಲಿಲ್ಲ. "ಅವ್ವಾರ, ಇನ್ನೊಂದ್ ರೊಟ್ಟಿ ಹಾಕ್ರಿ" ಎಂದ. ತಾಟಿನಲ್ಲಿ ಇದ್ದ ರೊಟ್ಟಿಯನ್ನು ಅವನು ಇನ್ನೂ ಮುರಿದಿರಲಿಲ್ಲ.

ನಾನು ಕಾಕಾನನ್ನು ಅಂಗಳದಾಚೆವರೆಗೆ ಬಿಡಲು ಹೋಗಿ, "ಚೀಟ್ಯಾಗ ಹೆಸರು ತಿದ್ದರಿ ಕಾಕಾ. ಇನ್ನೂ ಮಲ್ಲಪ್ಪನ ಹೆಸರ ಐತಿ" ಎಂದೆ. "ತಿದ್ದತೀನಿ ತಂಗಿ, ತಿದ್ದತೀನಿ" ಎಂದರು. ಶುಕ್ರವಾರ ನೋಡಿದೆ, ತಿದ್ದಿರಲಿಲ್ಲ. ಶನಿವಾರ ಎಲ್ಲರೂ ಬಿರುಕಿಗೆ ಹೊಟ್ಟು ತುಂಬಿ ಬಂದ ಮೇಲೆ ನೋಡಿದೆ, ಆಗಲೂ ಇಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ದಾರ ಕಟ್ಟಿದ ಪೆನ್ನು ಇರುತ್ತದೆ. ಅದರ ದಾರ ಬಾಗಿಲವರೆಗೆ ಮುಟ್ಟುವಂತಿರಲಿಲ್ಲ, ಕಿತ್ತೆ. ಮಲ್ಲಪ್ಪನ ಹೆಸರಿನ ಮೇಲೆ ಗೆರೆ ಎಳೆದು, ಬಾಜುವಿನಲ್ಲಿ ದೊಡ್ಡದಾಗಿ ಶಾಂತವ್ವ ಎಂದು ಬರೆದೆ.

"ಏನ್ ಮಾಡಾಕತ್ತಿ ತಂಗಿ?" ಎಂದರು ಕಾಕಾ.

"ನೀವ್ ಮರತಿದ್ರಿ ಕಾಕಾ," ಎಂದು ಪೆನ್ನು ಅವರ ಕೈಗೆ ಕೊಟ್ಟು ಬಂದೆ.

ರವಿವಾರ ಬಿಸಿಲು ಇಳಿಯುವ ಹೊತ್ತಿಗೆ ಎಂಟೂರೂ ಸೇರಿದ್ದವು. ಗೆರೆಯ ಬದಿಗೆ ಜಮಖಾನೆ ಹಾಸಿದ್ದರು, ಕೆಂಪು ಕಪ್ಪು ಪಟ್ಟಿಯದು. ಮಲ್ಲಪ್ಪನ ಹೆಂಡತಿ ಗಿರಿಜಕ್ಕ ಹೆಸರು ಕರೆಯುವ ಮೊದಲೇ ಬಂದು ಅದರ ಮೇಲೆ ಕೂತಿದ್ದರು. ಅವ್ವ ಎಂದಿನಂತೆ ಹಿಂದೆ. ಕಾಕಾ ಚೀಟಿ ಬಿಡಿಸಿ ಓದತೊಡಗಿದರು. ಸೋಮವಾರ, ಮಂಗಳವಾರ, ಬುಧವಾರ. ಅಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿದರು. ಗೋಲಿನ ನಡುವೆ ನಿಂತಿದ್ದ ಅಣ್ಣ ಕೈಗವಸು ಬಿಚ್ಚುವುದು ನನಗೆ ಕಂಡಿತು. ಒಂದು ಬಿಚ್ಚಿ ಬಗಲಿಗೆ ಇಟ್ಟುಕೊಂಡ, ಇನ್ನೊಂದರ ಪಟ್ಟಿಗೆ ಕೈ ಹಾಕಿ ಕಾದ. ಕಾಕಾಗೂ ಕಂಡಿರಬೇಕು.

"ಗುರುವಾರ, ಶಾಂತವ್ವ" ಎಂದರು, ತುಟಿಯೊಳಗೆ.

ಎದುರಿನ ಊರಿನ ಹಿರಿಯರು ಕೈ ಕಿವಿಗಿಟ್ಟುಕೊಂಡರು. ಕಟ್ಟಳೆ ಕಟ್ಟಳೆಯೇ. "ಕೇಳಿಸಲಿಲ್ರಿ. ಜೋರಾಗಿ ಓದ್ರಿ, ಇಲ್ಲಂದ್ರ ಒಂದ್ ಮನಿ ಕಮ್ಮಿ ಹಿಡಿತೀವಿ."

ಕಾಕಾ ಜೋರಾಗಿ ಓದಬೇಕಾಯಿತು. ಹೊಲದ ಆ ಬದಿಗೂ ಕೇಳಿಸಿತು. ಅವ್ವ ಹಿಂದಿನಿಂದ ನಡೆದು ಬಂದಳು, ಬಿರುಕು ದಾಟುತ್ತ, ಕೆಳಗೆ ನೋಡದೆ. ಜಮಖಾನೆಯ ಅಂಚಿಗೆ ಬಂದು ನಿಂತಳು. ಗಿರಿಜಕ್ಕ ತಲೆ ಎತ್ತಿ ಅವಳನ್ನು ನೋಡಿದರು, ದೂರ ನಿಂತಿದ್ದ ಗಂಡನನ್ನು ನೋಡಿದರು. ಆಮೇಲೆ ಸ್ವಲ್ಪ ಸರಿದು ಕೂತರು.

"ಬಾ ಶಾಂತವ್ವ, ಕುಂದರು. ಮೂರು ಗುರುವಾರ ನಂದು, ಐದು ನಿಂದು. ಬಿಡಿಸಿದ್ದು ನಾ ಅಲ್ಲ."

ಏಳು ಮನೆಯ ಜಮಖಾನೆಯ ಮೇಲೆ ಅವತ್ತು ಎಂಟು ಹೆಂಗಸರು ಕೂತರು. ಅಣ್ಣ ಕೈಗವಸು ಹಾಕಿಕೊಂಡ.

ಪಂದ್ಯ ಸೋತೆವು. ಎರಡು–ಒಂದು. ನಮ್ಮ ಒಂದು ಗೋಲು ಫಕೀರೇಶನದು, ವಿಡಿಯೋದಲ್ಲಿ ಇದ್ದದ್ದಕ್ಕಿಂತ ಚಂದದ್ದು. ಕೊನೆಗೆ ನಮ್ಮನ್ನು ಸೋಲಿಸಿದ ಗೋಲು ಹೊಟ್ಟು ತುಂಬಿದ ಜಾಗದಲ್ಲಿ ಬಿದ್ದು, ಏಳದೆ, ಅಣ್ಣನ ಕೈಯ ಕೆಳಗೆ ಜಾರಿ ಹೋಯಿತು. ಹುಟ್ಟಿದ ನೆಲವೇ ಅವನಿಗೆ ಕೈಕೊಟ್ಟಿತು. ಅದಕ್ಕೆ ಯಾರೂ ಅಣ್ಣನನ್ನು ಬೈಯಲಿಲ್ಲ. ಬೈಯಲು ಹೊರಗಿನವನೊಬ್ಬ ಇದ್ದನಲ್ಲ. ಮೊದಲ ನಾಲ್ಕು ಪಂದ್ಯದಲ್ಲಿ ಗೋಲು ಹೊಡೆದಿದ್ದರೆ ಹುರುಪೇ ಬೇರೆ ಇರುತ್ತಿತ್ತು ಎಂದು ಕಟ್ಟೆ ತೀರ್ಪು ಕೊಟ್ಟಿತು. ಆ ತೀರ್ಪು ಇವತ್ತಿಗೂ ಗುಂಪಿನಲ್ಲಿ ಓಡಾಡುತ್ತಿದೆ.

ಮರುದಿನ ಬಸ್ಸಿಗೆ ಹೊರಟಾಗ ಹಲಗಿ ಇರಲಿಲ್ಲ. ಅಣ್ಣ, ನಾನು, ಅವ್ವ ನಿಂತಿದ್ದೆವು. ಬಸ್ಸು ಬರುವವರೆಗೆ ಫಕೀರೇಶ ಚೀಲದ ಪಟ್ಟಿ ತಿರುವುತ್ತ ಇದ್ದು, ಕೊನೆಗೆ ಅವ್ವನಿಗೆ ಹೇಳಿದ, "ಗುರುವಾರ ಎಲ್ಲಿ ಉಣ್ತೀನಿ ಅಂತ ಮನ್ಯಾಗ ಹೇಳಿರಲಿಲ್ರಿ. ನಿನ್ನೆ ಫೋನಿನ್ಯಾಗ ಹೇಳಿದೆ."

"ಏನಂದ್ರು ನಿಮ್ಮವ್ವ?"

"ಮೊದಲ ಸುಮ್ನಾದ್ಲು. ಆಮ್ಯಾಲೆ ಪುಂಡಿಪಲ್ಯೆ ಹೆಂಗಿತ್ತು ಅಂತ ಕೇಳಿದ್ಲು."

ಗುಂಪಿನವರಿಗೆ ನಾನು ಹೇಳುವುದಿಷ್ಟು. ಫಕೀರೇಶ ಸುಳ್ಳಾದವನಲ್ಲ. ಕಾಲಿನಡಿಯ ನೆಲ ಬೇರೆಯಾದಾಗ ಒಂದು ತಿಂಗಳು ಬಿದ್ದು, ಎದ್ದು, ಕೂಲಿಯ ಹೆಂಗಸರ ಜೊತೆ ನಡೆದು ಕಲಿತವನು. ನೀವು ನಾಲ್ಕು ರವಿವಾರ ಕಾಯಲಾರದೆ ಹೋದಿರಿ. ಅವನು ಈಗ ಮಿಶ್ರಿಕೋಟಿಯಲ್ಲಿ ಭತ್ತ ಬೆಳೆಯುತ್ತಾನೆ, ಮಳೆ ಬಂದರೆ ಆಡುತ್ತಾನೆ, ಬೇಸಿಗೆಯಲ್ಲೊಮ್ಮೆ ನಮ್ಮ ಮನೆಗೆ ಬಂದು ಹೋಗುತ್ತಾನೆ. ಗುರುವಾರವೇ ಬರುತ್ತಾನೆ.

ಮರುವರ್ಷ ಶಿವರಾತ್ರಿಗೆ ನನಗೆ ಇನ್ನೂ ನೌಕರಿ ಬಂದಿರಲಿಲ್ಲ, ಮನೆಯಲ್ಲೇ ಇದ್ದೆ. ಹೊಸ ಆಟಗಾರ ಬರುವುದು ಗೊತ್ತಾಗಿತ್ತು. ಈರಣ್ಣ ಕಾಕಾ ಹೊಸ ಚೀಟಿ ಹಿಡಿದುಕೊಂಡು ತಾವಾಗಿಯೇ ನಮ್ಮ ಅಂಗಳಕ್ಕೆ ಬಂದರು. ಈ ಸಲ ನಾನು ಕುರ್ಚಿ ಹಾಕಿದೆ. ನೀರು ಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತರು, ಆಮೇಲೆ ಕುಡಿದರು.

"ಗುರುವಾರ ನಿಮ್ದ ಅಂತ ಬರಕೊಂಡೀನಿ ಶಾಂತವ್ವ. ಯಾರೂ ಬ್ಯಾಡ ಅಂದಿಲ್ಲ."

ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗುರುವಾರ ಈ ಸಲ ಬ್ಯಾರೆ ಯಾರಿಗರ ಕೊಡ್ರಿ ಈರಣ್ಣಾರ. ನಮ್ಮ ಮನೀಗೆ ರವಿವಾರ ಹಚ್ರಿ."

ಕಾಕಾ ಚೀಟಿ ನೋಡಿದರು. ರವಿವಾರದ ಮುಂದೆ ಅವರದೇ ಹೆಸರಿತ್ತು. ಜೇಬು ತಡಕಿ, "ಪೆನ್ನು ಅಂಗಡ್ಯಾಗ ಬಿಟ್ಟು ಬಂದೀನಿ" ಎಂದರು.

ನಾನು ಒಳಗೆ ಹೋಗಿ ನನ್ನ ಪೆನ್ನು ತಂದುಕೊಟ್ಟೆ.